ಕೈ ಸೋಕದ ಕಾಡು

ಮೊದಲು ಬಂದದ್ದು ಮರ ಸತ್ತ ಸುದ್ದಿ.

ನಾನು ಸಾಮಾನಿನ ಕೋಣೆಯಲ್ಲಿ ಕೂತು ಗುದ್ದಲಿಗಳಿಗೆ ಅರ ಉಜ್ಜುತ್ತಿದ್ದೆ. ಆ ಕೋಣೆಗೂ ಮ್ಯಾನೇಜರರ ಕಚೇರಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವರು ಕೆಮ್ಮಿದರೂ ನನಗೆ ಕೇಳುತ್ತದೆ. ನಾನು ಕೆಮ್ಮಿದರೆ ಅವರಿಗೆ ಕೇಳುವುದಿಲ್ಲ. ಒಂದೇ ಗೋಡೆ, ಆದರೆ ಅದರ ಗುಣ ಹಾಗೆ.

ಕಾಡಿನಿಂದ ಮೇಸ್ತ್ರಿ ವಾಕಿಟಾಕಿಯಲ್ಲಿ ಕೂಗಿದ. "ಸಾರ್, ಬಿಳಿ ಪಟ್ಟೆ ಮರ ಬಿತ್ತು ಸಾರ್."

"ಯಾವುದಯ್ಯಾ?"

"ಮರಕುಟಿಗದ್ದು."

ಕುರ್ಚಿ ಕಿರುಗುಟ್ಟಿತು. "ಅಯ್ಯೋ ದೇವರೇ! ನಾಳೆ ಪರೀಕ್ಷಕರು ಬರ್ತಾರಲ್ಲೋ! ಗೂಡು ಏನಾಯ್ತು?"

"ಒಡೀತು ಸಾರ್. ಹಕ್ಕಿ ಹಾರಿಹೋಯ್ತು."

"ಮೊಟ್ಟೆ ಇತ್ತಾ?"

"ಕಾಣಲಿಲ್ಲ ಸಾರ್."

"ಸದ್ಯ, ಬದುಕಿದೆ. ಬೇರೇನಾದ್ರೂ ನಷ್ಟ?"

ಯಂತ್ರ ಸ್ವಲ್ಪ ಹೊತ್ತು ಗರಗರ ಎಂದಿತು.

"ಒಬ್ಳು ಹೆಂಗಸು, ಸಾರ್."

ಗೋಡೆಯ ಈಚೆ ನನ್ನ ಕೈ ನಿಲ್ಲಲಿಲ್ಲ. ಅರ ಉಜ್ಜುತ್ತಲೇ ಇದ್ದೆ. ಕಾಡಿನಲ್ಲಿ ಹೆಂಗಸರು ಬಹಳ ಮಂದಿ. ದೇವರೇ, ಅವಳಲ್ಲದಿರಲಿ ಎಂದುಕೊಂಡೆ. ಬೇರೆ ಯಾರೋ ಆಗಲಿ ಎಂದು ಬೇಡಿದ ಹಾಗಾಯಿತಲ್ಲ ಎಂದು ಮರುಕ್ಷಣ ನಾಚಿಕೆಯಾಯಿತು. ನನ್ನ ಪ್ರಾರ್ಥನೆಗಳಲ್ಲಿ ಅಂಥ ಕೀಳಾದದ್ದು ಇನ್ನೊಂದಿಲ್ಲ.

"ಗಿಳಿ ಸಾರ್," ಎಂದಿತು ಯಂತ್ರ. "ನಮ್ಮ ಅಜ್ಜನ ತಂಗಿ."

ಅಜ್ಜ ಎಂದರೆ ನಾನು. ಕೂಲಿಗಳ ಲೈನು ಮನೆಗಳಲ್ಲಿ ಎಲ್ಲರಿಗೂ ನಾನು ಅಜ್ಜನೇ. ಗಿಳಿಯೊಬ್ಬಳಿಗೆ ಮಾತ್ರ ಅಣ್ಣ. ಅವಳು ಮಾತು ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಲ್ಲ, ಅದಕ್ಕೇ ಆ ಹೆಸರು. ಆ ದಿನ ಎಲ್ಲರೂ ಕಂಡರು.

ಬಿಳಿ ಪಟ್ಟೆ ಮರ ಏನೆಂದು ಹೇಳಬೇಕು. ಈ ಕಂಪನಿ ಕಾಡನ್ನು ಮೊದಲಿನವರ ಹಾಗೆ ಬೋಳಿಸುವುದಿಲ್ಲ. ಒಂದು ಮರ ಕಡಿದರೆ ನಾಲ್ಕು ಸಸಿ ನೆಡುತ್ತದೆ. ಹೊಳೆಯ ಅಂಚಿನ ಮರ ಮುಟ್ಟುವುದಿಲ್ಲ. ಒಣಗಿದ ಮರಗಳಲ್ಲಿ ಕೆಲವಕ್ಕೆ ಬಿಳಿ ಬಣ್ಣದ ಪಟ್ಟೆ ಬಳಿದು ಹಾಗೇ ನಿಲ್ಲಿಸುತ್ತದೆ. ಅವು ಹಕ್ಕಿಗಳ ಮನೆ. ಹೀಗೆಲ್ಲ ಮಾಡಿದ್ದನ್ನು ಪರೀಕ್ಷಕರು ಬಂದು ನೋಡಿ ಒಪ್ಪಿದರೆ ಮರದ ದಿಮ್ಮಿಗೆ ಒಂದು ಹಸಿರು ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಹಲಗೆಯ ಮೇಲೆ ಊಟ ಮಾಡಿದರೆ ದೂರದ ಊರುಗಳ ಸಜ್ಜನರಿಗೆ ಅನ್ನ ಚೆನ್ನಾಗಿ ಜೀರ್ಣವಾಗುತ್ತದಂತೆ.

ಪರಿಸರ ವಿಭಾಗದ ಮೇಡಂ ಒಬ್ಬರಿದ್ದಾರೆ. ಒಳ್ಳೆಯ ಹುಡುಗಿ. ಅವರು ನಮ್ಮನ್ನು ಕೂರಿಸಿಕೊಂಡು ಕಾಡಿನ ಉಪಕಾರಗಳನ್ನೆಲ್ಲ ತಿಳಿಸಿದ್ದರು. ಬೇರು ಮಣ್ಣನ್ನು ಹಿಡಿಯುತ್ತದೆ. ಎಲೆ ಗಾಳಿಯ ಕೊಳೆ ಕುಡಿಯುತ್ತದೆ. ಹೊಳೆ ತಿಳಿಯಾಗುತ್ತದೆ. ಹಕ್ಕಿ ಹುಳ ತಿನ್ನುತ್ತದೆ, ಹುಳ ಸತ್ತ ಮರ ತಿನ್ನುತ್ತದೆ, ಯಾವುದೂ ವ್ಯರ್ಥವಲ್ಲ. ಎಲ್ಲವೂ ನಿಜ. ಈ ಗುಡ್ಡ ಬೋಳಾಗಿದ್ದಾಗ ಮಳೆಗೆ ಮಣ್ಣು ಕರಗಿ ನಮ್ಮ ಮನೆಯೊಳಗೆ ಬಂದು ಮಲಗುತ್ತಿತ್ತು. ಈಗ ಬರುವುದಿಲ್ಲ. ಹೊಳೆಯ ತಳದ ಕಲ್ಲು ಈಗ ಕಾಣುತ್ತದೆ. ದೂರದಿಂದ ಕಾಣುತ್ತದೆ. ಹತ್ತಿರ ಹೋಗುವಂತಿಲ್ಲ. ನಮ್ಮ ಕಾಲು ಬಿದ್ದರೆ ನೀರು ಕಲಕುತ್ತದಲ್ಲ.

ಸಸಿ ನೆಡುವವರು ಹೆಂಗಸರು. ಸೊಂಟದ ಎರಡು ಕಡೆ ಸಸಿ ತುಂಬಿದ ಚೀಲ. ಹಸಿ ಗೋಣಿಯಲ್ಲಿ ಸುತ್ತಿದ ಸಸಿಗಳು, ಹಸಿ ಗೋಣಿಯ ಭಾರ. ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಬಗ್ಗಬೇಕು, ಅಗೆಯಬೇಕು, ನೆಡಬೇಕು, ಏಳಬೇಕು. ಸಂಜೆಗೆ ಏಳುವುದು ಮರೆತುಹೋಗುತ್ತದೆ. ಬಗ್ಗಿದ ಹಾಗೆಯೇ ಮನೆಗೆ ಬರುತ್ತಾರೆ. ಸೊಂಟದಲ್ಲಿ ಪಟ್ಟಿ ಉಜ್ಜಿ ಉಜ್ಜಿ ಚರ್ಮ ಕಪ್ಪಾಗಿ ದಡ್ಡುಗಟ್ಟಿರುತ್ತದೆ. ಅಲ್ಲಿ ಚಿವುಟಿದರೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು ಗಿಳಿ. "ಕಂಪನಿಯವರು ನನಗೂ ತೊಗಟೆ ಬರಿಸಿದ್ದಾರೆ ಅಣ್ಣಾ. ಇನ್ನು ಎಲೆ ಬಿಡೋದೊಂದು ಬಾಕಿ."

ಆ ಸಲ ನೆಡುವ ಜಾಗದ ನಟ್ಟನಡುವೆ ಆ ಒಣಮರ ನಿಂತಿತ್ತು. ಬುಡ ಟೊಳ್ಳು. ಕೈಯಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು. ಗಿಳಿ ಹೋಗಿ ಮ್ಯಾನೇಜರರ ಮುಂದೆ ನಿಂತಿದ್ದಳು. ನಾನು ಗೋಡೆಯ ಈಚೆ ಕೇಳಿಸಿಕೊಂಡೆ.

"ಸಾರ್, ಆ ಮರ ಕಡೀರಿ. ಇಲ್ಲಾಂದ್ರೆ ನಮ್ಮನ್ನ ಅದರ ಕೆಳಗೆ ಕಳಿಸಬೇಡಿ. ಎರಡರಲ್ಲಿ ಒಂದು ಮಾಡಿ."

"ಅದು ಹಕ್ಕಿ ಮನೆ ಕಣಮ್ಮ. ಪಾಪ ಅಲ್ವಾ?"

"ಪಾಪ ಸಾರ್. ಆದ್ರೆ ಹಕ್ಕಿಗೆ ರೆಕ್ಕೆ ಇದೆ. ಮರ ಬಿದ್ರೆ ಹಾರುತ್ತೆ. ನನಗೇನಿದೆ?"

"ನಿನಗೆ ಬಾಯಿದೆ," ಎಂದರು ಮ್ಯಾನೇಜರು. ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಗಿಳಿಯೂ ನಕ್ಕಳು. ನಗದಿದ್ದರೆ ಸೊಕ್ಕು ಎನ್ನುತ್ತಾರೆ.

ಗಾಳಿ ಕೂಡ ಇರಲಿಲ್ಲವಂತೆ ಆ ದಿನ. ಮರ ತಾನಾಗಿಯೇ ಕೂತಿತಂತೆ, ದಣಿದವರು ಕೂರುವ ಹಾಗೆ. ಅವಳು ಬಗ್ಗಿದ್ದಳು. ನೋಡಲಿಲ್ಲ.

ಹೆಣವನ್ನು ಜೊತೆಯ ಹೆಂಗಸರೇ ಮನೆಗೆ ಹೊತ್ತು ತಂದರು. ಸಸಿ ಸುತ್ತುವ ಹಸಿ ಗೋಣಿಯಲ್ಲೇ ಸುತ್ತಿದ್ದರು. ಅವಳ ಮಗಳು ಮುಖವನ್ನೊಮ್ಮೆ ತೆರೆದು ನೋಡಿ, ಮತ್ತೆ ಮುಚ್ಚಿ, ಗೋಡೆಗೆ ಒರಗಿ ಕೂತಳು. ಅಳಲಿಲ್ಲ. ಕುಳ್ಳಕ್ಕ ಅವಳ ಪಕ್ಕ ಕೂತಳು. ಕುಳ್ಳಕ್ಕ ಸಸಿ ನೆಡುವ ಸಾಲಿನಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಗಿಡ್ಡ. ನೆಲಕ್ಕೆ ಹತ್ತಿರ ಇದ್ದಾಳೆಂದು ಕಂಪನಿಯವರಿಗೆ ಅವಳ ಮೇಲೆ ಪ್ರೀತಿ.

ಮಣ್ಣು ಮಾಡುವುದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಮ್ಮವರನ್ನು ಮಣ್ಣು ಮಾಡುವುದು ಗುಡ್ಡದ ಹಿಂಬದಿಯ ಇಳಿಜಾರಿನಲ್ಲಿ. ನಮ್ಮ ಅಮ್ಮ ಅಲ್ಲಿದ್ದಾಳೆ. ಗಿಳಿಯ ಗಂಡ ಅಲ್ಲಿದ್ದಾನೆ. ಅವನ ಪಕ್ಕದ ಜಾಗ ತನ್ನದು ಎಂದು ಗಿಳಿ ಅವನು ಹೋದ ದಿನವೇ ಹೇಳಿದ್ದಳು. "ಬದುಕಿದ್ದಾಗ ನನ್ನ ಮಾತಿಗೆ ಹೆದರಿ ಹೊರಗೆ ಮಲಗ್ತಿದ್ದ. ಇನ್ನೆಲ್ಲಿಗೆ ಹೋಗ್ತಾನೆ ನೋಡ್ತೀನಿ" ಎಂದು ಅತ್ತಿದ್ದಳು.

ಮ್ಯಾನೇಜರು ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮೇಡಂ ಹಿಂದೆ ನಿಂತಿದ್ದರು.

"ಅಜ್ಜಾ, ನನಗೆ ಮಾತೇ ಹೊರಡ್ತಿಲ್ಲ," ಎಂದು ಬಹಳ ಹೊತ್ತು ಮಾತಾಡಿದರು. ಗಿಳಿ ಕಂಪನಿಯ ಕುಟುಂಬದವಳಂತೆ. ಕಾಡೇ ಬಡವಾಯಿತಂತೆ. ಆಮೇಲೆ ಟೋಪಿಯನ್ನು ಒಂದು ಸುತ್ತು ತಿರುಗಿಸಿ ಹೇಳಿದರು, "ಆದ್ರೆ ಆ ಇಳಿಜಾರಲ್ಲಿ ಮಣ್ಣು ಮಾಡೋಕಾಗಲ್ಲ."

"ಯಾಕೆ?"

"ಅದು ಈಗ ರಕ್ಷಿತ ಭಾಗ. ಬೋರ್ಡು ನೋಡಿದೀರಲ್ಲ. ಅಲ್ಲಿ ಅಗೆಯೋ ಹಾಗಿಲ್ಲ. ಮಣ್ಣು ಅಗೆದ್ರೆ ಒಳಗಿರೋ ಇಂಗಾಲ ಹೊರಗೆ ಬರುತ್ತೆ. ಬೇರಿಗೆ ಪೆಟ್ಟಾಗುತ್ತೆ. ಪರೀಕ್ಷಕರು ಬೆಳಿಗ್ಗೆನೇ ಬರ್ತಾರೆ ಬೇರೆ."

ಬೋರ್ಡು ನೋಡಿದ್ದೇನೆ. 'ಮನುಷ್ಯರ ಕೈ ಸೋಕದ ಕಾಡು' ಎಂದು ಬರೆದಿದೆ. ಅಕ್ಷರ ಚೆನ್ನಾಗಿವೆ. ಆ ಇಳಿಜಾರನ್ನು ಹಿಂದಿನ ಕಂಪನಿಗಾಗಿ ಬೋಳಿಸಿದವರಲ್ಲಿ ನಾನೊಬ್ಬ. ಗರಗಸದ ಒಂದು ತುದಿ ನನ್ನ ಕೈಯಲ್ಲಿತ್ತು. ಆಮೇಲೆ ಅಲ್ಲಿ ಒಂದೊಂದೇ ಸಸಿ ನೆಟ್ಟವಳು ನಮ್ಮ ಅಮ್ಮ. ಬೆನ್ನಿಗೆ ಗಿಳಿಯನ್ನು ಕಟ್ಟಿಕೊಂಡು ನೆಟ್ಟಳು. ಈಗ ಮರಗಳು ಆಕಾಶ ಮುಟ್ಟುತ್ತಿವೆ. ಅಲ್ಲಿಗೆ ಮನುಷ್ಯರ ಕೈ ಸೋಕಿಲ್ಲ. ಬೋರ್ಡು ಸುಳ್ಳು ಹೇಳುವುದಿಲ್ಲ. ಹಾಗಾದರೆ ನಾವೇ ಮನುಷ್ಯರಲ್ಲ. ಲೆಕ್ಕ ಸರಿಹೋಯಿತು.

"ಪಟ್ಟಣದ ಆಚೆ ಸಾರ್ವಜನಿಕ ಜಾಗ ಇದೆ," ಎಂದರು ಮ್ಯಾನೇಜರು. "ಗಾಡಿ ನಾವೇ ಕೊಡ್ತೀವಿ. ಮತ್ತೆ ಅಜ್ಜಾ, ಇನ್ನೊಂದು ಯೋಚನೆ ಮಾಡಿದೀವಿ. ಗೇಟಿನ ಹತ್ರ ಅವಳ ಹೆಸರಲ್ಲಿ ಒಂದು ಸಸಿ. ಬೆಳಿಗ್ಗೆ ಪರೀಕ್ಷಕರ ಮುಂದೇನೇ ನೆಡೋಣ. ನೀವು ಹಿರಿಯರು, ದೈವಭಕ್ತರು. ಎರಡು ಮಾತು ಪ್ರಾರ್ಥನೆ ಹೇಳಿ. ಚಿಕ್ಕದಾಗಿ."

ಕುಳ್ಳಕ್ಕ ತಲೆ ಎತ್ತಿದಳು. "ಸಾರ್, ಅವಳು ಇಷ್ಟು ವರ್ಷ ನೆಟ್ಟಿದ್ದೆಲ್ಲ ಯಾರ ಹೆಸರಲ್ಲಿ?"

ಮ್ಯಾನೇಜರು ಟೋಪಿ ಹಾಕಿಕೊಂಡು ಹೊರಟರು. ಸಾವಿನ ಮನೆಯಲ್ಲಿ ವಾದ ಮಾಡಬಾರದೆಂಬ ಸಂಸ್ಕಾರ ಅವರಿಗಿದೆ.

ಅವರು ಹೋದ ಮೇಲೆ ಮೇಡಂ ಬಾಗಿಲಲ್ಲೇ ಉಳಿದರು. ಕಣ್ಣು ಕೆಂಪಾಗಿತ್ತು. "ಅಜ್ಜಾ, ಒಣಮರ ಬಿಡಬೇಕು ಅನ್ನೋದು ಅರ್ಧ ನಿಯಮ. ಅದರ ಸುತ್ತ ಯಾರೂ ಕೆಲಸ ಮಾಡಬಾರದು, ಮರ ಬಿದ್ರೂ ತಾಗದಷ್ಟು ದೂರ ಇರಬೇಕು ಅನ್ನೋದು ಇನ್ನರ್ಧ. ನಾನು ಹೇಳಿದ್ದೆ."

"ಏನಂದ್ರು?"

"ಸುತ್ತ ಬಿಟ್ರೆ ನೆಡೋ ಜಾಗ ಕಡಿಮೆಯಾಗುತ್ತೆ ಅಂದ್ರು."

ಹಕ್ಕಿಗೆ ಸೇರಿದ ಅರ್ಧವನ್ನು ಅವರು ಪಾಲಿಸಿದ್ದರು. ನಮಗೆ ಸೇರಿದ ಅರ್ಧವನ್ನು ಉಳಿತಾಯ ಮಾಡಿದ್ದರು. "ಇದನ್ನ ನಾಳೆ ಬಂದವರಿಗೂ ಹೇಳ್ತೀಯಾ ಮಗಳೇ?" ಎಂದು ಆ ಹುಡುಗಿಯನ್ನು ಕೇಳಿದೆ. ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು. ಆಮೇಲೆ ಹೋದಳು.

ಬೆಳಿಗ್ಗೆ ಗೇಟಿನ ಹತ್ತಿರ ಕುರ್ಚಿಗಳು ಬಂದವು. ಮೇಜಿಗೆ ಬಟ್ಟೆ ಬಂತು. ಒಂದು ಗುಂಡಿ ತೋಡಿ, ಪಕ್ಕದಲ್ಲಿ ಸಸಿ ಇಟ್ಟು, ಹೊಸ ಹಿತ್ತಾಳೆ ಚೊಂಬಿನಲ್ಲಿ ನೀರು ಇಟ್ಟಿದ್ದರು. ಸಸಿಯ ಪಕ್ಕ ಚಿಕ್ಕ ಫಲಕ. ಅದರಲ್ಲಿ ಗಿಳಿಯ ಹೆಸರನ್ನು ತಪ್ಪಾಗಿ ಬರೆದಿದ್ದರು. ಪರೀಕ್ಷಕರು ಬಂದರು. ಸಭ್ಯರು. ಬೂಟು ಹೊಸದು. ದೂರದಲ್ಲಿ ಒಂದು ಲಾರಿ ಸಸಿ ಬಂದು ನಿಂತಿತ್ತು. ಹೆಂಗಸರು ಹೇಗೆ ನೆಡುತ್ತಾರೆಂದು ಪರೀಕ್ಷಕರಿಗೆ ತೋರಿಸಬೇಕಿತ್ತು.

ಹೆಂಗಸರು ಬಂದರು. ಸೊಂಟಕ್ಕೆ ಚೀಲ ಕಟ್ಟಿರಲಿಲ್ಲ. ಕೈಯಲ್ಲಿ ಗುದ್ದಲಿ ಇತ್ತು. ಹೊತ್ತು ತಂದ ಹಲಗೆಯ ಮೇಲೆ ಗಿಳಿ ಇದ್ದಳು.

ಮ್ಯಾನೇಜರು ಓಡಿ ಬಂದರು. ನಗುಮುಖದಲ್ಲೇ ಹಲ್ಲು ಕಚ್ಚಿ ಕೇಳಿದರು, "ಇದನ್ನ್ಯಾಕೆ ಇಲ್ಲಿಗೆ ತಂದ್ರಿ?"

"ಇದು ಅಲ್ಲ ಸಾರ್," ಎಂದೆ. "ಇವಳು."

"ಆಯ್ತಪ್ಪ, ಇವಳು. ಗಾಡಿ ಆ ಕಡೆ ನಿಂತಿದೆ. ಮೊದಲು ಪ್ರಾರ್ಥನೆ ಮುಗಿಸಿಬಿಡಿ."

"ಪ್ರಾರ್ಥನೆ ಅವಳು ಮಣ್ಣಿಗೆ ಹೋಗೋ ಕಡೆ ಸಾರ್. ಗಿಡದ ಮುಂದೆ ಯಾಕೆ? ಸತ್ತಿದ್ದು ಗಿಡ ಅಲ್ಲ."

"ಅಜ್ಜಾ, ನೀವು ತಿಳಿದವರು."

"ಹೌದು ಸಾರ್. ತಡವಾಗಿ ತಿಳೀತು."

ಅವರು ಹೆಂಗಸರ ಕಡೆ ತಿರುಗಿದರು. "ಲಾರಿ ಇಳಿಸ್ರಮ್ಮಾ. ಬಿಸಿಲೇರ್ತಿದೆ. ಬೇರು ಒಣಗುತ್ತೆ. ನಿಮ್ಮ ಸಿಟ್ಟು ಕಂಪನಿ ಮೇಲೆ, ಸಸಿ ಏನು ಮಾಡಿತ್ತು?"

ಮಾತು ಸರಿಯಾದ ಕಡೆ ತಾಗಿತು. ಬೇರು ಬಿಸಿಲು ಕಂಡರೆ ಸಸಿ ಉಳಿಯದು. ಕುಳ್ಳಕ್ಕ ಲಾರಿಯ ಕಡೆ ನಡೆದಳು. ಮ್ಯಾನೇಜರರ ಮುಖ ಅರಳಿತು. ಅವಳು ಹಿತ್ತಾಳೆ ಚೊಂಬು ಎತ್ತಿಕೊಂಡು ಹೋಗಿ ಗೋಣಿಗಳ ಮೇಲೆಲ್ಲ ನೀರು ಚಿಮುಕಿಸಿದಳು. ಇನ್ನಿಬ್ಬರು ಹೋಗಿ ಮೇಜಿನ ಬಟ್ಟೆ ಎಳೆದು ತಂದು ಲಾರಿಗೆ ನೆರಳು ಕಟ್ಟಿದರು. ಆಮೇಲೆ ಮೂವರೂ ವಾಪಸು ಬಂದು ಹಲಗೆಯ ಪಕ್ಕ ನಿಂತರು.

"ಸಾಯಂಕಾಲದ ತನಕ ತಡೆಯುತ್ತೆ ಸಾರ್," ಎಂದಳು ಕುಳ್ಳಕ್ಕ. "ಇವಳು ತಡೆಯಲ್ಲ. ನಡೀರೇ."

ಒಬ್ಬ ಪರೀಕ್ಷಕರು ಮ್ಯಾನೇಜರರನ್ನು ಏನಿದು ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. "ಸ್ಥಳೀಯರ ಸಹಭಾಗಿತ್ವ ಸಾರ್," ಎಂದರು ಮ್ಯಾನೇಜರು. ಅಂಥ ಹೊತ್ತಿನಲ್ಲೂ ಆ ಮಾತು ಹೊಳೆಯಿತಲ್ಲ. ದೇವರು ಒಬ್ಬೊಬ್ಬರಿಗೆ ಒಂದೊಂದು ವರ ಕೊಟ್ಟಿರುತ್ತಾನೆ.

ರಕ್ಷಿತ ಭಾಗಕ್ಕೆ ಬೇರೆಯೇ ಗೇಟು. ಅಲ್ಲಿ ಕಾವಲಿಗಿದ್ದವನು ನಮ್ಮ ಲೈನಿನ ಅಳಿಯ. ಅವನು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡ.

"ಅಜ್ಜಾ, ನನ್ನ ಕೆಲಸ ಹೋಗುತ್ತೆ."

"ಹೋಗುತ್ತಪ್ಪ," ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ವಯಸ್ಸಲ್ಲ ನನ್ನದು.

ಅವನು ಗಿಳಿಯನ್ನು ನೋಡಿದ. ಅವನ ಮದುವೆಯಲ್ಲಿ ಅವಳು ಅವನನ್ನು ಅಳುವಷ್ಟು ಗೇಲಿ ಮಾಡಿದ್ದಳು. ಬೀಗ ತೆರೆದ. ತೆರೆದ ಮೇಲೂ ಅಭ್ಯಾಸ ಬಿಡಲಿಲ್ಲ. "ಕಾಲು... ಕಾಲಾದ್ರೂ ತೊಳ್ಕೊಂಡು ಹೋಗಿ. ಹೊರಗಿನ ರೋಗ ಮರಕ್ಕೆ ತಾಗುತ್ತೆ."

ಗೇಟಿನ ಬಳಿ ಔಷಧದ ನೀರು ತುಂಬಿದ ಅಗಲವಾದ ತಟ್ಟೆ ಇದೆ. ನಾವು ಹಲಗೆ ಹೊತ್ತುಕೊಂಡೇ ಒಬ್ಬೊಬ್ಬರಾಗಿ ಅದರಲ್ಲಿ ಕಾಲಿಟ್ಟೆವು. ಸೀಳು ಬಿಟ್ಟ ಹಿಮ್ಮಡಿಗಳು ಉರಿದವು.

"ಇವಳ ಕಾಲೂ ತೊಳೀಬೇಕೇನೋ?" ಎಂದಳು ಕುಳ್ಳಕ್ಕ. ಅಳಿಯ ಮುಖ ಮುಚ್ಚಿಕೊಂಡ. ಯಾರೋ ನಕ್ಕರು. ಆ ನಗು ಅರ್ಧದಲ್ಲೇ ಅಳುವಾಯಿತು.

ಒಳಗೆ ತಂಪಾಗಿತ್ತು. ಎಲೆಯ ಮೇಲೆ ಎಲೆ ಬಿದ್ದು ನೆಲ ಹಾಸಿಗೆಯ ಹಾಗಿತ್ತು. ಗಂಡನ ಪಕ್ಕದ ಜಾಗ ಹುಡುಕಿ ಅಗೆದೆವು. ಎಲೆ ಸರಿಸಿದರೆ ಬೇರು. ಬೇರಿನ ಕೆಳಗೆ ಬೇರು. ಗುದ್ದಲಿಯಿಂದ ಒಂದು ಏಟು ಹಾಕಿದ್ದರೆ ಕೆಲಸ ಬೇಗ ಆಗುತ್ತಿತ್ತು. ಯಾರೂ ಹಾಕಲಿಲ್ಲ. ಬೇರು ಇದ್ದ ಕಡೆ ಹೆಂಗಸರು ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಕೆದಕಿದರು, ಬೇರನ್ನು ಪಕ್ಕಕ್ಕೆ ಬಗ್ಗಿಸಿ ಹಿಡಿದುಕೊಂಡರು. ಉಗುರು ಹರಿಯಿತು. ನಾನೂ ಅಗೆದೆ. ಉಸಿರು ಸಿಗದೆ ನಿಂತಾಗ ಗಿಳಿಯ ಮಗಳು ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡಳು. ನೆಟ್ಟ ಮರದ ಬೇರು ಕಡಿಯಬಾರದೆಂದು ಅವರಿಗೆ ಯಾವ ಬೋರ್ಡೂ ಹೇಳಿಕೊಟ್ಟಿರಲಿಲ್ಲ.

ಮ್ಯಾನೇಜರು ಬಂದಾಗ ಗುಂಡಿ ಆಗಿತ್ತು. ಬೂಟು ತೊಳೆಯದೆ ಬಂದಿದ್ದರು, ಅವಸರದಲ್ಲಿ.

"ಇದು ಅಪರಾಧ! ಪೊಲೀಸರನ್ನ ಕರೆಸ್ತೀನಿ. ಈ ಕಾಡು ನಿಮ್ಮಪ್ಪಂದಾ?"

"ಅಲ್ಲ," ಎಂದಳು ಗಿಳಿಯ ಮಗಳು. ಹಿಂದಿನ ದಿನದಿಂದ ಅವಳು ಆಡಿದ ಮೊದಲ ಮಾತು ಅದು. "ನಮ್ಮಜ್ಜೀದು. ನೀವು ನಿಂತಿರೋ ಮರದ ಕೆಳಗೇ ಅವಳಿದ್ದಾಳೆ. ಸ್ವಲ್ಪ ಪಕ್ಕಕ್ಕೆ ಬನ್ನಿ."

ಮ್ಯಾನೇಜರು ಕೆಳಗೆ ನೋಡಿಕೊಂಡರು. ಹಾವು ತುಳಿದವರ ಹಾಗೆ ಪಕ್ಕಕ್ಕೆ ಜಿಗಿದರು. ಅಲ್ಲೂ ಯಾರೋ ಇದ್ದರು. "ಅಲ್ಲೂ ಬೇಡ ಸಾರ್," ಎಂದಳು ಕುಳ್ಳಕ್ಕ. ಅವರು ಇನ್ನೊಂದು ಹೆಜ್ಜೆ ಇಟ್ಟರು. ಹಾಗೇ ಎಲ್ಲಿ ಕಾಲಿಡಬೇಕೋ ತಿಳಿಯದೆ ಹಿಂದೆ ಹಿಂದೆ ಹೋಗಿ ಗೇಟು ಮುಟ್ಟಿದರು. ಅವರ ಬಾಯಿ ಆಡುತ್ತಲೇ ಇತ್ತು. ಮಾತು ನಮಗೆ ತಲುಪಲಿಲ್ಲ.

ಗಿಳಿಯನ್ನು ಇಳಿಸಿದೆವು. ಬಗ್ಗಿಸಿ ಹಿಡಿದಿದ್ದ ಬೇರುಗಳನ್ನು ಬಿಟ್ಟರು. ಅವು ತಮ್ಮ ಜಾಗಕ್ಕೆ ವಾಪಸಾದವು. ಮಣ್ಣು ಎಳೆದೆವು. ಗುಂಡಿ ತುಂಬಿದ ಕೂಡಲೇ ಹೆಂಗಸರು ಸುತ್ತ ನಿಂತು ಹಿಮ್ಮಡಿಯಿಂದ ಮಣ್ಣು ತುಳಿಯತೊಡಗಿದರು. ಸಸಿ ನೆಟ್ಟ ಮೇಲೆ ಹಾಗೆ ತುಳಿಯಬೇಕು. ಬೇರಿನ ಸುತ್ತ ಗಾಳಿ ಉಳಿದರೆ ಸಸಿ ಸಾಯುತ್ತದೆ. ಜೀವಮಾನವೆಲ್ಲ ಮಾಡಿದ ಕೆಲಸ. ಗುಂಡಿ ಮುಚ್ಚಿದರೆ ಕಾಲು ತಾನಾಗಿ ಏಳುತ್ತದೆ. ಎಡಗಾಲು, ಬಲಗಾಲು, ಸುತ್ತ ಒಂದೇ ತಾಳ. ಯಾರಿಗೂ ಅರಿವಿರಲಿಲ್ಲ. ಗಿಳಿಯ ಮಗಳೂ ತುಳಿಯುತ್ತಿದ್ದಳು. ಅವಳಿಗೇ ಮೊದಲು ಗೊತ್ತಾಯಿತು. ಎತ್ತಿದ ಕಾಲು ಹಾಗೇ ನಿಂತಿತು. ಒಬ್ಬೊಬ್ಬರಾಗಿ ಎಲ್ಲರ ಕಾಲೂ ನಿಂತವು.

"ಅಯ್ಯೋ, ಏನು ಮಾಡ್ತಿದೀವಿ ನಾವು!" ಎಂದಳು ಕುಳ್ಳಕ್ಕ.

ಆಗ ಹುಡುಗಿ ಕೂಗಿ ಅತ್ತಳು. ಮಣ್ಣಿನ ಮೇಲೆ ಬಿದ್ದು, ತನ್ನ ಹೆಜ್ಜೆಯ ಗುರುತನ್ನು ಅಂಗೈಯಿಂದ ಒರೆಸುತ್ತ ಅತ್ತಳು. ನಾವು ಅಳಲು ಬಿಟ್ಟೆವು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರಾರ್ಥನೆಯ ನಂತರ ಬೇರೆ ಮಾತು ಆಡಬಾರದು. ಅಳಿಯನ ಕೆಲಸ ಹೋಯಿತು. ಹಲಗೆ ಹೊತ್ತವರನ್ನು ಕೆಲಸಕ್ಕೆ ಬರಬೇಡಿ ಎಂದರು. ಸಾಮಾನಿನ ಕೋಣೆಯ ಬೀಗದ ಕೈಯನ್ನು ನನ್ನಿಂದ ಕಸಿದರು. ಮೇಡಂ ಪರೀಕ್ಷಕರ ಮುಂದೆ ನಿಯಮದ ಇನ್ನರ್ಧವನ್ನೂ ಓದಿದರಂತೆ. ಈಗ ಅವರಿಗೂ ಕೆಲಸವಿಲ್ಲ. ಒಣಮರಗಳ ಸುತ್ತ ಹಗ್ಗ ಕಟ್ಟಿದ್ದಾರೆ, ಒಳಗೆ ಯಾರನ್ನೂ ಕಳಿಸುತ್ತಿಲ್ಲ. ಇಷ್ಟು ಸಣ್ಣ ಹಗ್ಗಕ್ಕೆ ಇಷ್ಟು ದೊಡ್ಡ ಹೆಂಗಸು ಬೇಕಾಯಿತು. ಹಸಿರು ಮುದ್ರೆ ಸಿಕ್ಕಿದೆ. ಸಜ್ಜನರ ಊಟಕ್ಕೆ ತೊಂದರೆಯಿಲ್ಲ. ಲಾರಿಯ ಸಸಿಗಳನ್ನು ಆ ಸಂಜೆ ಹೆಂಗಸರೇ ಹೋಗಿ ನೆಟ್ಟು ಬಂದರು. ಯಾರೂ ಹೇಳಿರಲಿಲ್ಲ.

ಆ ದಿನ ಗಿಳಿಯ ಮಣ್ಣಿನ ಸುತ್ತ ನಿಂತು ಎಲ್ಲರೂ ನನ್ನ ಕಡೆ ನೋಡಿದರು. ಚಿಕ್ಕದಾಗಿ ಹೇಳಿ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಕೈ ಮುಗಿದು ನಿಂತೆ.

"ತಂದೆಯೇ, ಮರವನ್ನೂ ಹಕ್ಕಿಯನ್ನೂ ಮಾಡಿದವನು ನೀನು. ಅವುಗಳ ಮೇಲೆ ನಮಗೆ ದೂರಿಲ್ಲ. ಇವಳನ್ನು ಮಾಡಿದವನೂ ನೀನೇ ಎಂಬುದು ಕೆಲವರಿಗೆ ಮರೆತುಹೋಗಿತ್ತು, ಅದಕ್ಕೆ ಸ್ವಲ್ಪ ಗಲಾಟೆಯಾಯಿತು, ಕ್ಷಮಿಸು. ಇವಳನ್ನು ನಿನ್ನ ಬಳಿ ಕರೆದುಕೋ. ಇವಳ ಬೆನ್ನು ನೇರವಾಗಲಿ. ಇವಳು ಮಾತಾಡುತ್ತಾಳೆ, ತುಂಬ ಮಾತಾಡುತ್ತಾಳೆ, ಬೇಸರಿಸದೆ ಕೇಳು. ಇಲ್ಲಿ ಕೇಳಿದವರಿಲ್ಲ. ಗಂಡ ಹೆಂಡತಿಯನ್ನು ಒಂದೇ ನೆರಳಲ್ಲಿ ಇಡು. ಇವಳ ಆತ್ಮಕ್ಕೆ ಶಾಂತಿ ಕೊಡು ತಂದೆಯೇ, ಪೂರ್ತಿ ಕೊಡು, ಅರ್ಧ ಕೊಡಬೇಡ. ನಮ್ಮ ಪಾಲಿನ ಶಾಂತಿಯನ್ನೂ ಇವಳಿಗೇ ಕೊಟ್ಟುಬಿಡು. ನಮಗೆ ಅದು ಸದ್ಯಕ್ಕೆ ಬೇಡ."